ಬೀದಿ ಬಿಟ್ಟು ಮೇಲೇರಿದ ಪೇಟೆ: ಅಟ್ಲಾಂಟಾದ ಪೀಚ್‌ಟ್ರೀ ಸೆಂಟರ್

ಮಾಲ್, ಹೋಟೆಲ್, ಆಫೀಸು ಮೂರನ್ನೂ ಒಂದೇ ಜಾಗದಲ್ಲಿ ಕಟ್ಟಬೇಕು ಎಂದು ಬರುವ ಬಿಲ್ಡರ್‌ಗಳು ನನ್ನನ್ನು ಸಾಮಾನ್ಯವಾಗಿ ಕೇಳುವುದು ಇದನ್ನು: "ಸ್ಟೇಷನ್‌ನಿಂದ ಸೀದಾ ಒಳಗೆ ಬರೋ ಹಾಗೆ ಸ್ಕೈವಾಕ್ ಕೊಡಿ ಸಾರ್, ಜನ ರಸ್ತೆಗೆ ಇಳಿಯೋದೇ ಬೇಡ." ಆಗ ನಾನು ಅವರಿಗೆ ಅಮೆರಿಕದ ಅಟ್ಲಾಂಟಾ ನಗರದ ಹಳೆಯ ಪೇಟೆಯಲ್ಲಿ ಹೀಗೆ ಎಲ್ಲವನ್ನೂ ಜೋಡಿಸಿ ಕಟ್ಟಿದ ಕಟ್ಟಡಗಳ ಗುಂಪು, ಪೀಚ್‌ಟ್ರೀ ಸೆಂಟರ್‌ನ ಕಥೆ ಹೇಳುತ್ತೇನೆ.

ಕಟ್ಟಿದವರು ಜಾನ್ ಪೋರ್ಟ್‌ಮನ್. ಆರ್ಕಿಟೆಕ್ಟೂ ಅವರೇ, ಬಿಲ್ಡರೂ ಅವರೇ. ಆ ಕಾಲದಲ್ಲಿ ಇದು ನಮ್ಮ ವೃತ್ತಿಯ ಅನೇಕರಿಗೆ ಹಿಡಿಸಲಿಲ್ಲ. ಆದರೆ ಅವರು ಕೆಲಸ ಶುರು ಮಾಡಿದ ಹೊತ್ತು ನೋಡಿ. ಕಾರು ಇದ್ದವರೆಲ್ಲ ಹೊರವಲಯಕ್ಕೆ ಮನೆ ಮಾಡಿಕೊಂಡು ಹೋಗುತ್ತಿದ್ದರು. ಅಂಗಡಿಗಳೂ ಅವರ ಹಿಂದೆಯೇ ಹೊರಟಿದ್ದವು. 1959ರಲ್ಲಿ ಪೇಟೆಯಿಂದ ದೂರ, ಬಕ್‌ಹೆಡ್‌ನಲ್ಲಿ, ಲೆನಾಕ್ಸ್ ಸ್ಕ್ವೇರ್ ಎಂಬ ಶಾಪಿಂಗ್ ಸೆಂಟರ್ ತೆರೆಯಿತು. ಎಲ್ಲರೂ ಬಿಟ್ಟು ಹೋಗುತ್ತಿದ್ದ ಹಳೆಯ ಪೇಟೆಯಲ್ಲೇ ಪೋರ್ಟ್‌ಮನ್ ಹಣ ಹಾಕಿದರು.

ಮೊದಲು ಎದ್ದದ್ದು ಹೋಟೆಲ್ ಅಲ್ಲ, ಮಾಲ್ ಕೂಡ ಅಲ್ಲ. 1961ರಲ್ಲಿ ತೆರೆದ ಮರ್ಚಂಡೈಸ್ ಮಾರ್ಟ್. ನಮ್ಮ ಚಿಕ್ಕಪೇಟೆಯ ಸಗಟು ವ್ಯಾಪಾರವನ್ನು ಒಂದೇ ಕಟ್ಟಡದಲ್ಲಿ ಜೋಡಿಸಿದ ಹಾಗೆ. ಊರೂರಿನ ಅಂಗಡಿಯವರು ಮಾಲು ನೋಡಿ ಆರ್ಡರ್ ಕೊಡಲು ಅಲ್ಲಿಗೆ ಬಂದರು. ಬಂದವರಿಗೆ ರಾತ್ರಿ ಉಳಿಯಲು ಕೋಣೆ ಬೇಕಲ್ವಾ? ಹೋಟೆಲ್ ಹುಟ್ಟಿದ್ದು ಆ ಲೆಕ್ಕದಿಂದ. ಜನ ಯಾಕೆ ಬರುತ್ತಾರೆ ಎಂಬುದಕ್ಕೆ ಗಟ್ಟಿ ಕಾರಣ ಮೊದಲೇ ಸಿಕ್ಕಿತ್ತು. ಇದನ್ನು ಗೊತ್ತುಮಾಡಿಕೊಳ್ಳದೆ ಸುಮ್ನೆ ಕೋಣೆಗಳನ್ನು ಲೆಕ್ಕ ಹಾಕುವ ಪ್ಲಾನ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಆ ಹೋಟೆಲ್ ಹಯಾತ್ ರೀಜೆನ್ಸಿ, 1967ರದ್ದು. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಲ್ಲಿಯವರೆಗೆ ದೊಡ್ಡ ಹೋಟೆಲ್ ಎಂದರೆ ನಡುವೆ ಕತ್ತಲೆ ಕಾರಿಡಾರ್, ಎರಡೂ ಬದಿ ಕೋಣೆಗಳ ಸಾಲು. ಜಾಗ ಉಳಿಯುತ್ತದೆ, ಖರ್ಚು ಕಡಿಮೆ. ಪೋರ್ಟ್‌ಮನ್ ಇದನ್ನು ಬಿಚ್ಚಿ ನಮ್ಮ ತೊಟ್ಟಿ ಮನೆಯ ಹಾಗೆ ಮಾಡಿದರು. ನಡುವೆ 22 ಅಂತಸ್ತು ಎತ್ತರದ ಖಾಲಿ ಅಂಗಳ, ಮೇಲೆ ಬೆಳಕು ಬಿಡುವ ಮಾಡು, ಸುತ್ತಲೂ ಜಗಲಿಗಳು. ಕೋಣೆಯ ಬಾಗಿಲು ತೆರೆದರೆ ಜಗಲಿ, ಜಗಲಿಯಿಂದ ಬಗ್ಗಿದರೆ ಅಂಗಳ. ಲಿಫ್ಟ್‌ಗಳನ್ನೂ ಗೋಡೆಯೊಳಗೆ ಮುಚ್ಚಿಡದೆ ಗಾಜಿನ ಗೂಡು ಮಾಡಿ ಅಂಗಳಕ್ಕೆ ತಂದರು. ಬಾಡಿಗೆ ಬಾರದ ಖಾಲಿ ಜಾಗಕ್ಕೆ ಇಷ್ಟು ಖರ್ಚೇ ಎಂದು ಹಳೆಯ ಹೋಟೆಲ್ ಕಂಪನಿಗಳು ಹಿಂಜರಿದವು. ಆಗ ಇನ್ನೂ ಚಿಕ್ಕದಾಗಿದ್ದ ಹಯಾತ್ ಅದನ್ನು ಕೊಂಡಿತು, ಆ ಹೋಟೆಲ್‌ನಿಂದಲೇ ಹೆಸರು ಮಾಡಿತು. ಈಗಿನ ದೊಡ್ಡ ಹೋಟೆಲ್‌ಗಳ ಎತ್ತರದ ಲಾಬಿಗಳಲ್ಲಿ ನಿಂತಾಗೆಲ್ಲ ನನಗೆ ಈ ಅಂಗಳ ನೆನಪಾಗುತ್ತದೆ. ಒಂದು ಎಚ್ಚರಿಕೆ: ಇಂಥ ಅಂಗಳ ಬೆಂಕಿ ಬಿದ್ದಾಗ ಚಿಮಣಿಯಾಗುತ್ತದೆ. ಹೊಗೆ ಎಳೆಯುವ ಫ್ಯಾನ್, ಸ್ಪ್ರಿಂಕ್ಲರ್ ಇಲ್ಲದೆ ಇದನ್ನು ನಕಲು ಮಾಡಬೇಡಿ.

ಆಮೇಲೆ ಒಂದರ ಪಕ್ಕ ಒಂದು ಎದ್ದವು. ಆಫೀಸ್ ಗೋಪುರಗಳು, ಅವುಗಳ ಬುಡದಲ್ಲಿ ಅಂಗಡಿ ಮಳಿಗೆ, 1976ರಲ್ಲಿ ಸಿಲಿಂಡರ್ ಆಕಾರದ 73 ಅಂತಸ್ತಿನ ಪೀಚ್‌ಟ್ರೀ ಪ್ಲಾಜಾ ಹೋಟೆಲ್, 1985ರಲ್ಲಿ ಮ್ಯಾರಿಯಟ್ ಮಾರ್ಕ್ವಿಸ್. 1982ರಲ್ಲಿ ಮೆಟ್ರೋ ಸ್ಟೇಷನ್ ಕೂಡ ಬಂತು. ಬಂಡೆ ಕೊರೆದು ನೆಲದಾಳದಲ್ಲಿ ಮಾಡಿದ ಸ್ಟೇಷನ್ ಅದು. ಕೊರೆದ ಕಲ್ಲನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ, ನೋಡಲು ತುಂಬಾ ಚೆನ್ನಾಗಿದೆ.

ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಎಸಿ ಸ್ಕೈವಾಕ್‌ಗಳನ್ನು ಕಟ್ಟಿದ್ದರಿಂದ ತೊಂದರೆ ಶುರುವಾಯಿತು. ಬೇಸಿಗೆಯ ಸೆಕೆ, ಪೇಟೆಯ ಬಗ್ಗೆ ಜನರಿಗಿದ್ದ ಹೆದರಿಕೆ, ಎರಡಕ್ಕೂ ಅದು ಸುಲಭದ ಪರಿಹಾರವಾಗಿತ್ತು. ಆದರೆ ಅಂಗಡಿಗೆ ಬೇಕಾದ್ದು ಮುಂದೆ ಹಾದುಹೋಗುವ ಕಾಲುಗಳು. ಇರುವಷ್ಟು ಜನರನ್ನು ಮೇಲೆ ಅರ್ಧ, ಕೆಳಗೆ ಅರ್ಧ ಹಂಚಿದರೆ ಎರಡೂ ಕಡೆ ವ್ಯಾಪಾರ ಸಾಲುವುದಿಲ್ಲ. ಒಳಗಿನ ಮಳಿಗೆ ಆಫೀಸಿನವರ ಮಧ್ಯಾಹ್ನದ ಊಟವನ್ನೇ ನೆಚ್ಚಿಕೊಂಡಿತು. ನಾನು ಹೋದದ್ದು ಒಂದು ಭಾನುವಾರ. ಮೇಲೆ ಸ್ಕೈವಾಕ್‌ನಲ್ಲಿ ಸಮ್ಮೇಳನಕ್ಕೆ ಬಂದವರು ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡು ನಡೆಯುತ್ತಿದ್ದರು. ಕೆಳಗೆ ಫುಟ್‌ಪಾತ್ ಪಕ್ಕದಲ್ಲಿ ಉದ್ದಕ್ಕೂ ಕಾಂಕ್ರೀಟ್ ಗೋಡೆ ಮತ್ತು ಪಾರ್ಕಿಂಗ್ ಬಾಯಿ. ಒಂದು ಕಾಫಿ ಹುಡುಕಲು ಎರಡು ರಸ್ತೆ ದಾಟಬೇಕಾಯಿತು.

1990ರ ಹೊತ್ತಿಗೆ ಅಮೆರಿಕದ ರಿಯಲ್ ಎಸ್ಟೇಟ್ ಕುಸಿಯಿತು. ಸಾಲ ಮೈಮೇಲೆ ಬಂದು ಪೋರ್ಟ್‌ಮನ್ ತಾವೇ ಕಟ್ಟಿದ ಎಷ್ಟೋ ಆಸ್ತಿಗಳ ಮೇಲಿನ ಹಿಡಿತ ಕಳೆದುಕೊಂಡರು. ಆದರೂ ಕೊನೆಯವರೆಗೂ ಕೆಲಸ ಬಿಡಲಿಲ್ಲ, ಚೀನಾದಲ್ಲೂ ದೊಡ್ಡ ಕಟ್ಟಡಗಳನ್ನು ಮಾಡಿದರು. ತೀರಿಕೊಂಡಿದ್ದು 2017ರಲ್ಲಿ. ಪೇಟೆ ಕೈಬಿಡದ ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಸ್ಕೈವಾಕ್‌ಗಳನ್ನು ಮಾತ್ರ ಒಪ್ಪಲಾರೆ.

ಈಚಿನ ವರ್ಷಗಳಲ್ಲಿ ಹೊಸ ಮಾಲೀಕರು ಮಳಿಗೆಗೆ ದಿ ಹಬ್ ಎಂದು ಹೆಸರಿಟ್ಟು ನವೀಕರಿಸಿದರು. ಅವರು ಮುಖ್ಯವಾಗಿ ಕೈಹಾಕಿದ್ದು ಆ ಮಳಿಗೆಯ ಅಂಗಳಕ್ಕೆ. ಪೀಚ್‌ಟ್ರೀ ರಸ್ತೆಯಲ್ಲಿ ನಡೆಯುವವರಿಗೆ ಒಳಗಿನ ಊಟದ ಅಂಗಡಿಗಳು ಕಾಣಬೇಕು, ಅವರು ಇಳಿದು ಬರುವಂತಿರಬೇಕು ಎಂಬ ಲೆಕ್ಕ. ನನ್ನ ಬಿಲ್ಡರ್‌ಗಳಿಗೆ ಈ ಕಥೆ ಹೇಳಿದ ಮೇಲೆ ನಾನು ಕೇಳಿಕೊಳ್ಳುವುದು ಇಷ್ಟೇ: ಸ್ಕೈವಾಕ್ ಬೇಕಾದರೆ ಇರಲಿ, ಆದರೆ ಅದರ ಮೆಟ್ಟಿಲು ಫುಟ್‌ಪಾತ್‌ಗೂ ಇಳಿಯಲಿ. ರಸ್ತೆಗೆ ತಾಗಿದ ನೆಲಮಹಡಿಯಲ್ಲಿ ಪಾರ್ಕಿಂಗ್ ಬೇಡ, ಹೊರಗಿನಿಂದಲೇ ಬಾಗಿಲಿರುವ ಹತ್ತು ಅಂಗಡಿ ಕೊಡಿ.