ರಿವೆಟ್ ಮೊದಲು ನೋಡಿ, ಪ್ಲೇಟ್ ಆಮೇಲೆ

ಹುಬ್ಬಳ್ಳಿಯಲ್ಲಿ ಹಳೇ ಅಂಬಾಸಿಡರ್ ಅಥವಾ ಫಿಯೆಟ್ ಕೊಳ್ಳಲು ಹೋದರೆ ಮಾರುವವರು ಬಾನೆಟ್ ಎತ್ತಿ ಹೆಮ್ಮೆಯಿಂದ ತೋರಿಸುವುದು ರಿವೆಟ್ (ಲೋಹದ ಸಣ್ಣ ಮೊಳೆ) ಹೊಡೆದು ಕೂರಿಸಿದ ಒಂದು ಸಣ್ಣ ತಗಡಿನ ಪ್ಲೇಟು. ಕಂಪನಿ ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್ ಎಲ್ಲ ಅದರ ಮೇಲಿರುತ್ತದೆ. "ನೋಡ್ರಿ ಸಾಹೇಬ್ರ, ಕಂಪನಿ ಪ್ಲೇಟ್ ಐತಿ, ಡೌಟೇ ಬ್ಯಾಡ್ರಿ." ತಮಾಷೆ ಅಂದ್ರೆ, ಇಡೀ ಕಾರಿನಲ್ಲಿ ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದ ಭಾಗ ಅದೇ. ಒಂದು ಒಳ್ಳೆ ಫೋಟೋ ಕೊಟ್ಟರೆ ಲೇಸರ್ ಮಷೀನ್ ಇಟ್ಟುಕೊಂಡವರು ಅಂಥದೇ ಇನ್ನೊಂದು ಕೊರೆದುಕೊಡುತ್ತಾರೆ.

ಈಗ 'ಒರಿಜಿನಲ್' ಎಂಬುದಕ್ಕೆ ಬೆಲೆಯೂ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೊದಲಿನ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ. ಹೀಗಾಗಿ ಗುಜರಿಗೆ ಹೋಗಬೇಕಿದ್ದ ಗಾಡಿಯ ಪ್ಲೇಟು ಬೇರೊಂದು ಬಾಡಿಗೆ ಬಂದು ಕೂರುವ ಆಸೆಯೂ ಹೆಚ್ಚುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ: ಪ್ಲೇಟನ್ನು ಓದುವುದು. 1968ರ ಗಾಡಿ ಎನ್ನುತ್ತಾರೆ, ವಿಳಾಸದಲ್ಲಿ ಪಿನ್‌ಕೋಡ್ ಇದೆ. ಪಿನ್‌ಕೋಡ್ ನಮ್ಮ ದೇಶಕ್ಕೆ ಬಂದದ್ದೇ 1972ರ ಆಗಸ್ಟ್ 15ಕ್ಕೆ. 1970ರ ದಶಕದ ಫಿಯೆಟ್ ಮೇಲೆ 'ಬಾಂಬೆ' ಬದಲು 'ಮುಂಬೈ' ಎಂದಿದ್ದರೆ ಅಲ್ಲಿಗೇ ಮುಗಿಯಿತು, ಊರಿನ ಅಧಿಕೃತ ಹೆಸರು ಬದಲಾದದ್ದು 1995ರಲ್ಲಿ. ಅಕ್ಷರದ ಆಕಾರವೂ ಸುಳ್ಳು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ನಾವು ದಿನಾ ನೋಡುವ ಏರಿಯಲ್ ಅಕ್ಷರ ವಿನ್ಯಾಸವಾದದ್ದು 1982ರಲ್ಲಿ. ಇನ್ನು 17 ಅಕ್ಷರ-ಅಂಕೆಗಳ ಉದ್ದದ ಚಾಸಿ ನಂಬರ್ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾಡೆಲ್‌ಗಳಿಂದ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳೇ ಇರುವುದಿಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದೆಂದು. 1960ರ ದಶಕದ ಅಂಬಾಸಿಡರ್ ಮೇಲೆ 17 ಅಂಕೆ ಕಂಡರೆ ನಮಸ್ಕಾರ ಹೇಳಿ ಹೊರಡಬಹುದು.

ಇಷ್ಟಕ್ಕೇ ಸಿಕ್ಕಿಬೀಳುವವರು ದಡ್ಡರು. ಜಾಣರನ್ನು ಹಿಡಿಯಬೇಕಾದರೆ ನಂಬರ್ ಏನೆಂದು ಬಿಟ್ಟು, ಅದು ತಗಡಿನೊಳಗೆ ಹೇಗೆ ಇಳಿದಿದೆ ಎಂದು ನೋಡಬೇಕು.

ಮನೆಯ ಪಾತ್ರೆಗಳನ್ನೇ ತೆಗೆದುಕೊಳ್ಳಿ. ಅಜ್ಜಿ ಕಾಲದ ಹಿತ್ತಾಳೆ ಕೊಡದ ಮೇಲಿನ ಹೆಸರು ಉಳಿಯಿಂದ ಹೊಡೆದದ್ದು, ಇವತ್ತಿನ ಸ್ಟೀಲ್ ಡಬ್ಬಿ ಮೇಲಿನ ಹೆಸರು ಕರೆಂಟ್ ಪೆನ್ನಿನಿಂದ ಗೀರಿದ್ದು. ಕಣ್ಣು ಮುಚ್ಚಿ ಬೆರಳಾಡಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಪ್ಲೇಟಿನದೂ ಅದೇ ಕಥೆ. ಹಳೇ ಕಾರ್ಖಾನೆಗಳಲ್ಲಿ ಪ್ಲೇಟಿನ ಮೇಲಿನ ಹೆಸರು, ಗೆರೆ ಮೊದಲೇ ತಯಾರಾಗಿರುತ್ತಿತ್ತು. ನಂಬರನ್ನು ಮಾತ್ರ ಒಂದೊಂದೇ ಅಂಕೆಯ ಪಂಚ್ ಇಟ್ಟು ಹೊಡೆಯುವುದು ಸಾಮಾನ್ಯವಾಗಿತ್ತು. ಪಂಚ್ ಬಿದ್ದಾಗ ಲೋಹ ಕಿತ್ತು ಬರುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಅಂಕೆಯ ಅಂಚಿನಲ್ಲಿ ಸಣ್ಣ ದಿಬ್ಬ ಏಳುತ್ತದೆ. ತೆಳು ತಗಡಾದರೆ ಹಿಂಬದಿಯೂ ಉಬ್ಬುತ್ತದೆ. ಮೊಬೈಲ್ ಟಾರ್ಚನ್ನು ಪ್ಲೇಟಿಗೆ ತಾಗುವಷ್ಟು ಓರೆಯಾಗಿ ಹಿಡಿದು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ನೋಡಿ. 7 ಸ್ವಲ್ಪ ಆಳ, 3 ಒಂಚೂರು ವಾಲಿದೆ, 4ರ ಮೂಲೆ ಸವೆದಿದೆ. ಕೈಯಿಂದ ಹೊಡೆದದ್ದು ಹೀಗೇ ಇರುತ್ತದೆ. ಲೇಸರ್‌ನದು ಎಲ್ಲ ಅಂಕೆಯೂ ಒಂದೇ ಆಳ, ಅಂಚಿನಲ್ಲಿ ಕರಗಿ ಗಟ್ಟಿಯಾದ ಸಣ್ಣ ಹನಿಗಳು. ತಿರುಗುವ ಕಟರ್‌ನಿಂದ ಕೊರೆದಿದ್ದರೆ ತಳದಲ್ಲಿ ಕಮಾನು ಕಮಾನಾಗಿ ಗೀರು, ಒಳಮೂಲೆಗಳೆಲ್ಲ ದುಂಡು.

ಹಾಗಾದರೆ ನಕಲಿ ಮಾಡುವವನೂ ಸುತ್ತಿಗೆ ಹಿಡಿದರೆ? ಹಿಡಿಯುತ್ತಾನೆ. ಗೋಕುಲ ರಸ್ತೆಯ ಯಾವ ವರ್ಕ್‌ಶಾಪಿನಲ್ಲೂ ನಂಬರ್ ಪಂಚ್ ಸೆಟ್ ಇರುತ್ತದೆ, ಅದೇನು ಗುಟ್ಟಿನ ಸಾಮಾನಲ್ಲ. ಹಳೇ ನಂಬರ್ ಉಜ್ಜಿ ನಯ ಮಾಡಿ, ಅದರ ಮೇಲೇ ಹೊಸದು ಹೊಡೆಯುವುದು ಕಳ್ಳಗಾಡಿಗಳ ಹಳೇ ಉಪಾಯ. ಪ್ಲೇಟಿನಲ್ಲಿರುವ ಚಾಸಿ ನಂಬರನ್ನು ಚಾಸಿಯ ಉಕ್ಕಿನ ಮೇಲೂ ಹೊಡೆದಿರುತ್ತಾರೆ, ಅಲ್ಲಂತೂ ಇದೇ ಜಾಸ್ತಿ. ಆದರೆ ಏಟಿನ ಪರಿಣಾಮ ನಮಗೆ ಕಾಣುವ ತಗ್ಗಿಗೇ ನಿಲ್ಲುವುದಿಲ್ಲ. ಉಕ್ಕು ಸಣ್ಣ ಸಣ್ಣ ಹರಳುಗಳಿಂದ ಆದದ್ದು. ಪಂಚ್ ಒತ್ತಿದಾಗ ತಗ್ಗಿನ ಕೆಳಗಿನ ಹರಳುಗಳೂ ತಿರುಚಿ, ಅವುಗಳೊಳಗಿನ ಪರಮಾಣುಗಳ ಸಾಲು ತಪ್ಪುತ್ತದೆ. ಉಜ್ಜಿದವನು ತಗ್ಗು ಮಾಯವಾದ ಕೂಡಲೇ ನಿಲ್ಲಿಸುತ್ತಾನೆ, ತಿರುಚಿದ ಪದರ ಅದರ ಕೆಳಗೆ ಹಾಗೇ ಉಳಿದಿರುತ್ತದೆ.

ಇಂಥ ಜಾಗ ಆಸಿಡ್‌ಗೆ ಬೇಗ ಮಣಿಯುತ್ತದೆ, ಯಾಕೆಂದರೆ ಅಲ್ಲಿ ಹೆಚ್ಚಿನ ಶಕ್ತಿ ಸಿಕ್ಕಿಹಾಕಿಕೊಂಡಿರುತ್ತದೆ. 1921ರಲ್ಲಿ ಜರ್ಮನಿಯ ಫ್ರೈ ಎಂಬ ಲೋಹತಜ್ಞ ಉಕ್ಕಿನಲ್ಲಿ ಒತ್ತಡ ಬಿದ್ದ ಜಾಗಗಳನ್ನು ತೋರಿಸುವ ದ್ರಾವಣವೊಂದನ್ನು ಪ್ರಕಟಿಸಿದ. ತಾಮ್ರದ ಕ್ಲೋರೈಡ್, ಹೈಡ್ರೋಕ್ಲೋರಿಕ್ ಆಸಿಡ್, ನೀರು, ಇವೇ ಅದರ ಮುಖ್ಯ ಭಾಗ. ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಈಗಲೂ ಅದೇ ನಡೆಯುತ್ತದೆ. ನಯ ಮಾಡಿದ ಜಾಗಕ್ಕೆ ಹತ್ತಿಯಿಂದ ಸವರುತ್ತಾರೆ, ಒರೆಸುತ್ತಾರೆ, ಮತ್ತೆ ಸವರುತ್ತಾರೆ. ಬರಿದಾಗಿದ್ದ ಉಕ್ಕಿನ ಮೇಲೆ ಮಸುಕಾಗಿ ಒಂದು 8, ಪಕ್ಕದಲ್ಲಿ ಅರ್ಧ 5 ಏಳುತ್ತವೆ. ಸವರುತ್ತಾ ಹೋದರೆ ಅವು ಮತ್ತೆ ಮಾಯವಾಗಬಹುದು, ಅದಕ್ಕೇ ಕಂಡ ತಕ್ಷಣ ಫೋಟೋ. ಅಲ್ಯೂಮಿನಿಯಂ ಪ್ಲೇಟಿಗೆ ಬೇರೆ ದ್ರಾವಣ. ಆ ಜಾಗವನ್ನು ಗ್ಯಾಸ್ ವೆಲ್ಡಿಂಗ್‌ನಿಂದ ಕೆಂಪಗೆ ಕಾಯಿಸಿದ್ದರೆ ಮಾತ್ರ ಈ ಆಟ ನಡೆಯುವುದಿಲ್ಲ. ಬಿಸಿಗೆ ಹಳೇ ಹರಳುಗಳ ಬದಲು ಹೊಸವು ಹುಟ್ಟಿ, ಗುರುತು ಅಳಿಸಿಹೋಗುತ್ತದೆ. ಮನೆಯಲ್ಲಿ ಸುಮ್ನೆ ಪ್ರಯತ್ನಿಸಬೇಡಿ. ಕೈ ಸುಡುವುದಷ್ಟೇ ಅಲ್ಲ, ಒಳ್ಳೆ ಗಾಡಿಯ ನಂಬರೂ ಹಾಳಾಗುತ್ತದೆ. 2023ರ ಜನವರಿಯಲ್ಲಿ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅಡಿಗಲ್ಲು ಬಿತ್ತು. ಇಂಥ ವಿದ್ಯೆಯನ್ನು ಮುಂದೆ ನಮ್ಮ ಹುಡುಗರು ಊರಲ್ಲೇ ಕಲಿಯಬಹುದು.

ಆಸಿಡ್ ಇಲ್ಲದ ಸಾದಾ ಉಪಾಯ ನಮ್ಮ ಆರ್‌ಟಿಓ ಏಜೆಂಟರಿಗೆ ಚೆನ್ನಾಗಿ ಗೊತ್ತು: ಪೆನ್ಸಿಲ್ ಪ್ರಿಂಟ್. ಚಾಸಿ ನಂಬರ್ ಮೇಲೆ ತೆಳು ಕಾಗದ ಇಟ್ಟು ಸೀಸದ ಕಡ್ಡಿ ಉಜ್ಜುತ್ತಾರೆ. ಮೊದಲು ಅದನ್ನು ಆರ್‌ಸಿ ಜೊತೆ ಹೋಲಿಸಿ, ಆಮೇಲೆ ಪ್ಲೇಟಿನ ಪ್ರಿಂಟ್ ಪಕ್ಕದಲ್ಲಿಡಿ. ಚಾಸಿ ನಂಬರ್ ಸರಿಯಿದ್ದು ಪ್ಲೇಟು ಮಾತ್ರ ಹೊಸದಾಗಿದ್ದರೆ ಅದು ಮೋಸವೇ ಆಗಬೇಕಿಲ್ಲ, ತುಕ್ಕು ಹಿಡಿದದ್ದನ್ನು ಯಾರೋ ಬದಲಿಸಿರಬಹುದು. ಹೆದರಬೇಕಾದದ್ದು ಅಪ್ಪಟ ಹಳೇ ಪ್ಲೇಟು ಬೇರೆ ಗಾಡಿಯ ಮೇಲೆ ಕೂತಿದ್ದರೆ. ಲೆನ್ಸ್ ಹಿಡಿದು ಎಷ್ಟು ನೋಡಿದರೂ ಆ ಪ್ಲೇಟು ಒರಿಜಿನಲ್ಲೇ!

ಆಗ ರಿವೆಟ್ ನೋಡಬೇಕು. ಯಾವ ಕಂಪನಿ ಯಾವ ವರ್ಷ ಎಂಥ ರಿವೆಟ್ ಹಾಕುತ್ತಿತ್ತು ಎಂದು ಹಳೇ ಕಾರಿನ ಹುಚ್ಚಿರುವವರು ಬಾಯಿಪಾಠ ಮಾಡಿರುತ್ತಾರೆ. ಅಮೆರಿಕದ ಜನರಲ್ ಮೋಟಾರ್ಸ್ 1960ರ ದಶಕದ ಮಧ್ಯದಿಂದ ಆರು ಎಸಳಿನ ತಲೆಯ ರಿವೆಟ್ ಬಳಸಿತು. ಅದೇ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಸಾದಾ ಪಾಪ್ ರಿವೆಟ್ ಇದ್ದರೆ ಪ್ಲೇಟನ್ನು ಒಮ್ಮೆಯಾದರೂ ಬಿಚ್ಚಿ ಕೂರಿಸಿದ್ದಾರೆ. ನಮ್ಮ ಗಾಡಿಗಳಿಗೆ ಅಂಥ ಪಟ್ಟಿ ಕೈಗೆ ಸಿಗದಿದ್ದರೆ ಅದೇ ಕಾಲದ, ಒಬ್ಬರ ಕೈಯಲ್ಲೇ ಉಳಿದ ಇನ್ನೊಂದು ಗಾಡಿ ಹುಡುಕಿ ಹೋಲಿಸಿ. ರಿವೆಟ್ ಸುತ್ತ ಏನಿದೆ ಎನ್ನುವುದೂ ಮುಖ್ಯ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದನ್ನೊಂದು ಮುಟ್ಟಿಕೊಂಡು ತೇವದಲ್ಲಿದ್ದರೆ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕೂರುತ್ತದೆ. ಕಾರವಾರದ ಕಡೆ ಓಡಿದ ಗಾಡಿಯಲ್ಲಿ ಉಪ್ಪಿನ ಗಾಳಿಗೆ ಇದು ಹೆಚ್ಚು. ನವಲಗುಂದದ ಎರಿ ಹೊಲದ ಗಾಡಿಯಾದರೆ ಪ್ಲೇಟಿನ ಅಂಚಿಗೆ ಕಪ್ಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ತಗಡು ಹಳೇದು, ರಿವೆಟ್ ಸುತ್ತ ಮಾತ್ರ ಫಳಫಳ ಎಂದರೆ ಯಾಕೆ ಎಂದು ಕೇಳಲೇಬೇಕು.

ಕೇಳುವಾಗ ತಾಳ್ಮೆಯೂ ಬೇಕು. ಅಮೆರಿಕದ ಕಾನ್ಸಾಸ್ ರಾಜ್ಯದ ಒಬ್ಬರು ಕೊಂಡ 1959ರ ಷೆವ್ರೊಲೆ ಕಾರ್ವೆಟ್ ಅನ್ನು ಪೊಲೀಸರು ಜಪ್ತಿ ಮಾಡಿದರು. ಕಾರಣ, ಪ್ಲೇಟು ಹಿಂದೆ ಯಾವಾಗಲೋ ಬಿಚ್ಚಿ ಕೂರಿಸಿದ್ದರು, ರಿವೆಟ್ ಬೇರೆ ಇತ್ತು. ಕೊಂಡವರ ತಪ್ಪೇನೂ ಇರಲಿಲ್ಲ. ಆದರೂ ಕಾರು ಪುಡಿಯಾಗುವ ಹಂತಕ್ಕೆ ಹೋಯಿತು. 2022ರಲ್ಲಿ ಆ ರಾಜ್ಯ ಕಾನೂನನ್ನೇ ತಿದ್ದಿತು, ಆಮೇಲೆ ಕಾರು ವಾಪಸ್ ಸಿಕ್ಕಿತು.

ಆದ್ದರಿಂದ ಹಳೇ ಗಾಡಿಯನ್ನು ಪೇಂಟಿಂಗಿಗೆ ಬಿಡುವ ಮುಂಚೆ ಮೇಸ್ತ್ರಿಗೆ ಹೇಳಿಬಿಡಿ: ಪ್ಲೇಟ್ ಬಿಚ್ಚಬ್ಯಾಡ್ರಿ, ಸುತ್ತ ಟೇಪ್ ಹಚ್ಚಿ ಬಣ್ಣ ಹೊಡೀರಿ. ಬಿಚ್ಚಲೇಬೇಕಾದರೆ ಮೊದಲು ಹತ್ತಿರದಿಂದ ಫೋಟೋ ತೆಗೆದು, ಕಿತ್ತ ರಿವೆಟ್‌ಗಳನ್ನು ಒಂದು ಕವರಿನಲ್ಲಿ ಹಾಕಿ ಆರ್‌ಸಿ ಜೊತೆ ಇಟ್ಟುಕೊಳ್ಳಿ.