ಆಮ್ಮೀಟರಿನ ಮುಳ್ಳು ಕುಣಿದ ಮಾತ್ರಕ್ಕೆ ಆಲ್ಟರ್ನೇಟರ್ ಬಿಚ್ಚಬೇಡಿ

ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ, ಬ್ಯಾಟರಿಗೆ ಹೋಗಿಬರುವ ಕರೆಂಟನ್ನು ತೋರಿಸುವ ಆಮ್ಮೀಟರಿನ ಮುಳ್ಳು ನಿಂತಲ್ಲಿ ನಿಲ್ಲದೆ ಎಡಕ್ಕೂ ಬಲಕ್ಕೂ ತುಯ್ಯತೊಡಗಿದರೆ ಹೆಚ್ಚಿನವರು ಮೊದಲು ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಬದಲಿಸುತ್ತಾರೆ, ಆಮೇಲೆ ಎಂಜಿನ್ನಿನಿಂದ ತಿರುಗಿ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್, ಕೊನೆಗೆ ಬ್ಯಾಟರಿ. ಮೂರೂ ಹೊಸದಾದ ಮೇಲೂ ಮುಳ್ಳು ಕುಣಿಯುತ್ತಲೇ ಇರುತ್ತದೆ. ಏಕೆಂದರೆ ಬಹಳ ಸಲ ದೋಷ ಈ ಮೂರರಲ್ಲೂ ಇರುವುದಿಲ್ಲ. ಇವುಗಳ ನಡುವಿನ ತಂತಿಯ ದಾರಿಯಲ್ಲಿ ಇರುತ್ತದೆ.

ಆ ದಾರಿ ಹೀಗಿದೆ: ಬಸ್ ಬಾರ್‌ನಿಂದ (ಕರೆಂಟ್ ಹಂಚುವ ಲೋಹದ ಪಟ್ಟಿ) 5 ಆಂಪಿಯರ್‌ನ ಫೀಲ್ಡ್ ಬ್ರೇಕರ್ (ಫೀಲ್ಡ್ ಎಂದರೆ ಆಲ್ಟರ್ನೇಟರಿನೊಳಗೆ ಅಯಸ್ಕಾಂತವಾಗುವ ಸುರುಳಿ), ಅಲ್ಲಿಂದ ಎರಡು ಹೋಳಿನ ಮಾಸ್ಟರ್ ಸ್ವಿಚ್‌ನ ಎಡಭಾಗ (ಆಲ್ಟರ್ನೇಟರ್ ಭಾಗ), ಅಲ್ಲಿಂದ ಫೈರ್‌ವಾಲ್ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ) ಮೇಲಿನ ರೆಗ್ಯುಲೇಟರ್, ಕೊನೆಗೆ ಆಲ್ಟರ್ನೇಟರಿನ ಫೀಲ್ಡ್ ತಿರುಪು. ರೆಗ್ಯುಲೇಟರ್ ಬಸ್ಸಿನ ವೋಲ್ಟೇಜನ್ನು ಅಳೆಯುವುದೂ ಇದೇ ತಂತಿಯಿಂದ, ಫೀಲ್ಡಿಗೆ ಕರೆಂಟ್ ಕಳಿಸುವುದೂ ಇದೇ ತಂತಿಯಿಂದ. ಗೊಂದಲ ಹುಟ್ಟುವುದು ಇಲ್ಲಿಯೇ. ಸವೆದ ಸ್ವಿಚ್‌ನಿಂದಲೋ ಕಿಲುಬು ಹಿಡಿದ ಲಗ್‌ನಿಂದಲೋ (ತಂತಿಯ ತುದಿಯ ಲೋಹದ ಕೊಂಡಿ) ದಾರಿಯಲ್ಲಿ 0.2 ಓಮ್ ಪ್ರತಿರೋಧ ಸೇರಿಕೊಂಡಿದೆ ಎನ್ನಿ. 2 ಆಂಪಿಯರ್ ಹರಿದಾಗ 0.4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ವೋಲ್ಟೇಜ್ ಕಡಿಮೆಯಾಯಿತೆಂದು ತಿಳಿದ ರೆಗ್ಯುಲೇಟರ್ ಫೀಲ್ಡಿಗೆ ಇನ್ನಷ್ಟು ಕರೆಂಟ್ ತಳ್ಳುತ್ತದೆ, ಬಸ್ ಏರುತ್ತದೆ. ಮಿತಿ ದಾಟಿತೆಂದು ಕರೆಂಟ್ ಕಡಿದ ಕೂಡಲೇ ಆ 0.4 ವೋಲ್ಟಿನ ಸೋರಿಕೆಯೂ ನಿಂತು, ರೆಗ್ಯುಲೇಟರಿಗೆ ವೋಲ್ಟೇಜ್ ಒಮ್ಮೆಲೇ ಜಿಗಿದಂತೆ ಕಾಣುತ್ತದೆ. ಹೀಗೆ ಹೆಚ್ಚಿಸುವುದು, ಕಡಿಯುವುದು, ಮತ್ತೆ ಹೆಚ್ಚಿಸುವುದು. ಮುಳ್ಳಿನ ಕುಣಿತವೆಂದರೆ ಇದೇ. ರೆಗ್ಯುಲೇಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದಕ್ಕೆ ಸಿಗುತ್ತಿರುವ ಸುದ್ದಿ ತಪ್ಪು.

ಇದನ್ನು ಹಿಡಿಯಲು ಎಂಜಿನ್ ಚಾಲೂ ಮಾಡಬೇಕಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ, ಚಕ್ರಕ್ಕೆ ಅಡೆ ಕೊಡಿ. ಮ್ಯಾಗ್ನೆಟೋದ ಅರ್ಥ್ ತಂತಿ ಕಡಿದಿದ್ದರೆ ಕೀಲಿ ತೆಗೆದಿದ್ದರೂ ಪ್ರೊಪೆಲ್ಲರ್ ಜೀವ ತೆಗೆಯಬಲ್ಲದು, ಆದ್ದರಿಂದ ಅದನ್ನು ಕೈಯಿಂದ ತಿರುಗಿಸಬೇಡಿ. ಈಗ ಮಾಸ್ಟರ್ ಸ್ವಿಚ್‌ನ ಎರಡೂ ಭಾಗ ಆನ್ ಮಾಡಿ. 28 ವೋಲ್ಟಿನ ವಿಮಾನವಾದರೆ, ಬ್ಯಾಟರಿ 24 ವೋಲ್ಟಿನ ಆಸುಪಾಸಿನಲ್ಲಿರುವುದರಿಂದ, 28ಕ್ಕೆ ಏರಿಸಬೇಕೆಂದು ರೆಗ್ಯುಲೇಟರ್ ಪೂರ್ತಿ ತೆರೆದುಕೊಂಡು ಫೀಲ್ಡಿಗೆ ಗರಿಷ್ಠ ಕರೆಂಟ್ ಬಿಡುತ್ತದೆ. ಸೋರಿಕೆ ಸ್ಪಷ್ಟವಾಗಿ ಕಾಣುವುದು ಆಗಲೇ. ಮಲ್ಟಿಮೀಟರಿನ ಕೆಂಪು ತುದಿಯನ್ನು ಬಸ್ ಬಾರ್ ಮೇಲಿಟ್ಟು, ಕಪ್ಪು ತುದಿಯನ್ನು ಬ್ರೇಕರಿನ ಆಚೆ ಬದಿ, ಸ್ವಿಚ್ಚಿನ ಈಚೆ, ಆಚೆ, ರೆಗ್ಯುಲೇಟರಿನ ಒಳಬರುವ ಪಿನ್ ಹೀಗೆ ಒಂದೊಂದಾಗಿ ಮುಟ್ಟಿಸುತ್ತ ಹೋಗಿ. ಬಸ್‌ನಿಂದ ರೆಗ್ಯುಲೇಟರ್‌ವರೆಗೆ ಒಟ್ಟು 0.1 ವೋಲ್ಟ್ ಇಳಿದಿದ್ದರೆ ಚೆನ್ನ. 0.3 ದಾಟಿದ್ದರೆ, ಎಲ್ಲಿ ಅಂಕಿ ಒಮ್ಮೆಗೇ ಜಿಗಿಯಿತೋ ಅಲ್ಲೇ ಕಳ್ಳ. ಅಳತೆಯನ್ನು ಬೇಗ ಮುಗಿಸಿ. ಎಂಜಿನ್ ನಿಂತಿರುವಾಗ ಫೀಲ್ಡ್ ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಹಳೆಯ ವಿಮಾನಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಮಾಸ್ಟರ್ ಸ್ವಿಚ್, ನಂತರ ಫೀಲ್ಡ್ ಬ್ರೇಕರ್. ಸ್ವಿಚ್ಚನ್ನು ಹತ್ತು ಸಲ ಆನ್ ಆಫ್ ಮಾಡಿದಾಗ ಅಂಕಿ ಇಳಿದರೆ ಅದು ರಿಪೇರಿಯಾಯಿತು ಎಂದಲ್ಲ, ರೋಗ ಎಲ್ಲಿದೆಯೆಂದು ಗೊತ್ತಾಯಿತು ಅಷ್ಟೆ. ಬದಲಿಸಿ. ಮಳೆಗಾಲದಲ್ಲಿ ಬಯಲಲ್ಲೇ ನಿಲ್ಲುವ ವಿಮಾನವಾದರೆ ರೆಗ್ಯುಲೇಟರಿನ ಪ್ಲಗ್ ಬಿಚ್ಚಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ, ಯಾವುದಾದರೂ ಪಿನ್ ಹಿಂದಕ್ಕೆ ಜಾರಿದೆಯೇ ಎಂದು ನೋಡಿ.

ಕುಣಿತವಿಲ್ಲದೆ, ಚಾರ್ಜೇ ಇಲ್ಲ ಎಂಬ ದೂರಿಗೆ ದಾರಿ ಬೇರೆ. ಅದೇ ಸ್ಥಿತಿಯಲ್ಲಿ, ಎಂಜಿನ್ ಆಫ್ ಇರುವಾಗ, ಕಬ್ಬಿಣದ ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರಿನ ಪುಲ್ಲಿಯ ನಟ್ ಹತ್ತಿರ ಹಿಡಿಯಿರಿ. ತುದಿ ಸೆಳೆತಕ್ಕೆ ಸಿಕ್ಕಿ ನಟ್‌ಗೆ ಅಂಟಿಕೊಂಡರೆ ರೋಟರ್ (ಫೀಲ್ಡ್ ಸುರುಳಿಯಿರುವ ತಿರುಗುವ ಭಾಗ) ಅಯಸ್ಕಾಂತವಾಗಿದೆ, ಫೀಲ್ಡ್ ದಾರಿ ಪೂರ್ತಿ ಇದೆ. ಹುಡುಕಾಟ ಬೆಲ್ಟ್, ಡಯೋಡ್ (ಎಸಿಯನ್ನು ಡಿಸಿ ಮಾಡುವ ಬಿಡಿಭಾಗ), ಔಟ್‌ಪುಟ್ ತಂತಿಯ ಕಡೆಗೆ ಹೋಗಲಿ. ಸೆಳೆತವೇ ಇಲ್ಲವೆಂದರೆ ಫೀಲ್ಡ್ ತಿರುಪಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಗಿಂತ ಒಂದೆರಡು ವೋಲ್ಟ್ ಕಡಿಮೆ ಬಂದರೆ ಬ್ರಷ್ (ತಿರುಗುವ ರೋಟರಿಗೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆ ಅಥವಾ ರೋಟರ್ ಕಡಿದಿದೆ. ಏನೂ ಬರದಿದ್ದರೆ ತಂತಿಯ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಫೀಲ್ಡ್ ತಂತಿ ಎಂಜಿನ್ನಿನ ನಡುಕಕ್ಕೆ ಕ್ರಿಂಪ್ (ಲಗ್ಗನ್ನು ತಂತಿಗೆ ಒತ್ತಿ ಕೂರಿಸಿದ ಜಾಗ) ಬಳಿಯೇ ತುಂಡಾಗುವುದು ಸಾಮಾನ್ಯ. ಹೊರಗಿನ ಹೊದಿಕೆ ಹಾಗೇ ಇದ್ದು ಒಳಗಿನ ಎಳೆಗಳು ಕಡಿದಿರುತ್ತವೆ, ಆದ್ದರಿಂದ ಮೆಲ್ಲಗೆ ಎಳೆದು ನೋಡಿ. ಬ್ರೇಕರ್ ಮತ್ತೆ ಮತ್ತೆ ಹಾರುತ್ತಿದ್ದರೆ ಅದೇ ತಂತಿ ತನ್ನ ಶೀಲ್ಡ್‌ಗೆ (ಸುತ್ತಲಿನ ಲೋಹದ ಜಾಲರಿಗೆ) ತಾಗಿದೆಯೇ ಪರೀಕ್ಷಿಸಿ.

ಹೆಡ್‌ಫೋನಿನಲ್ಲಿ ಎಂಜಿನ್ ವೇಗದ ಜೊತೆ ಏರಿಳಿಯುವ ಸಿಳ್ಳು ಕೇಳಿಸುತ್ತಿದ್ದು, ಎಲ್ಲ ದೀಪ ಹಾಕಿದಾಗ ವೋಲ್ಟೇಜ್ ಕುಸಿಯುತ್ತಿದ್ದರೆ ಡಯೋಡ್ ಮೇಲೆ ಅನುಮಾನ. ಎಂಜಿನ್ ಚಾಲೂ ಇರುವಾಗ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಕಾಕ್‌ಪಿಟ್ಟಿನ ಲೈಟರ್ ಸಾಕೆಟ್‌ನಲ್ಲೇ ಅಳೆಯಿರಿ. ಪ್ರೊಪೆಲ್ಲರ್ ಹತ್ತಿರ ಹೋಗುವ ಗೋಜೇ ಇಲ್ಲ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರ್ ಬಿಚ್ಚುವುದಕ್ಕೆ ಈಗ ಕಾರಣ ಸಿಕ್ಕಿತು.

ಬೆಲ್ಟ್ ಬಿಗಿತವನ್ನು ಬೆರಳಿನಿಂದ ಒತ್ತಿ ಅಂದಾಜು ಮಾಡಬಾರದು. ಪುಲ್ಲಿಯ ನಟ್‌ಗೆ ಟಾರ್ಕ್ ರೆಂಚ್ ಹಾಕಿ, ಪುಲ್ಲಿ ಯಾವ ಅಂಕಿಗೆ ಜಾರುತ್ತದೆಂದು ನೋಡಬೇಕು. ಲೈಕಮಿಂಗ್ ಎಂಜಿನ್ನಿನ 3/8 ಅಂಗುಲದ ಬೆಲ್ಟ್ ಹೊಸದಾದರೆ 11ರಿಂದ 13 ಅಡಿ-ಪೌಂಡ್, ಬಳಸಿದ್ದಾದರೆ 7ರಿಂದ 9. ಹೊಸ ಬೆಲ್ಟ್ ಎಳೆದುಕೊಳ್ಳುತ್ತದೆ, 25 ಗಂಟೆ ಹಾರಾಟದ ನಂತರ ಮತ್ತೆ ನೋಡಲೇಬೇಕು.

ಪೈಲಟ್‌ಗಳಿಗೆ ಎರಡು ಮಾತು. ವೋಲ್ಟೇಜ್ ಸುಮಾರು 31.5 ದಾಟಿದರೆ ಸಂವೇದಕ ತಾನಾಗಿ ಆಲ್ಟರ್ನೇಟರನ್ನು ಕಡಿದುಹಾಕುತ್ತದೆ, ಕೆಂಪು ದೀಪ ಹತ್ತುತ್ತದೆ. ಏವಿಯಾನಿಕ್ಸ್ (ರೇಡಿಯೋ ಮುಂತಾದ ಎಲೆಕ್ಟ್ರಾನಿಕ್ ಉಪಕರಣ) ಆಫ್ ಮಾಡಿ, ಮಾಸ್ಟರ್‌ನ ಎರಡೂ ಭಾಗ ಆಫ್ ಮಾಡಿ ಒಂದು ಸಲ ಮತ್ತೆ ಹಾಕಿ. ದೀಪ ಮತ್ತೆ ಹತ್ತಿದರೆ ಆಲ್ಟರ್ನೇಟರ್ ಭಾಗವನ್ನು ಆಫ್ ಮಾಡಿ, ಬೇಡದ್ದನ್ನೆಲ್ಲ ಆರಿಸಿ ಇಳಿಯುವ ಜಾಗ ಹುಡುಕಿ. ಎರಡನೆಯ ಸಲ ಪ್ರಯತ್ನಿಸಬೇಡಿ. ಇನ್ನೊಂದು, ಪೂರ್ತಿ ಸತ್ತ ಬ್ಯಾಟರಿಯ ವಿಮಾನವನ್ನು ಹೊರಗಿನ ಕರೆಂಟಿನಿಂದ ಚಾಲೂ ಮಾಡಿ ಹಾಗೇ ಹಾರಬೇಡಿ. ಫೀಲ್ಡಿಗೆ ಜೀವ ಕೊಡುವುದೇ ಬ್ಯಾಟರಿ. ಆಲ್ಟರ್ನೇಟರ್ ಒಮ್ಮೆ ಕಡಿದರೆ ಅದನ್ನು ಎಬ್ಬಿಸಲು ಏನೂ ಉಳಿದಿರುವುದಿಲ್ಲ.

ಕೆಲಸ ಮುಗಿಸಿ, ಪರವಾನಗಿ ಇರುವ ಎಂಜಿನಿಯರ್ ಸಹಿ ಹಾಕುವ ಮುನ್ನ ಎಂಜಿನ್ನನ್ನು 1700 ಆರ್‌ಪಿಎಂನಲ್ಲಿಟ್ಟು ಲ್ಯಾಂಡಿಂಗ್ ಲೈಟ್ ಮೂರರಿಂದ ಐದು ಸೆಕೆಂಡ್ ಹಾಕಿ. ಮುಳ್ಳು ಮೊದಲಿದ್ದ ಜಾಗದಿಂದ ತನ್ನ ದಪ್ಪಕ್ಕಿಂತ ಹೆಚ್ಚು ಕದಲಬಾರದು. ಅರ್ಧ ಗಂಟೆ ಸಮತಟ್ಟಾಗಿ ಹಾರಿದ ಮೇಲೂ ಅದು ಚಾರ್ಜ್ ಕಡೆಗೆ ಎರಡು ಮುಳ್ಳಿನ ದಪ್ಪಕ್ಕಿಂತ ಆಚೆ ನಿಂತಿದ್ದರೆ ಬ್ಯಾಟರಿ ಅತಿಯಾಗಿ ಚಾರ್ಜಾಗುತ್ತಿದೆ. ಕೌಲಿಂಗ್ (ಎಂಜಿನ್ನಿನ ಹೊರಕವಚ) ಮತ್ತೆ ಬಿಚ್ಚಿ.