ಟೆಸ್ಟ್ ಪಾಸಾದ ಮೇಲೂ ಡ್ರೈವರ್ ಪ್ಯಾಚ್‌ಗೆ ರಿವ್ಯೂ ಯಾಕೆ?

ಪ್ರಶ್ನೆ: ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಎನ್‌ವಿಎಂಇ ಡ್ರೈವರ್‌ಗೆ (ವೇಗದ ಎಸ್‌ಎಸ್‌ಡಿ ಡಿಸ್ಕ್‌ಗಳನ್ನು ನಡೆಸುವ ಕೋಡ್) ನಾನು ಮಾಡಿದ ಪ್ಯಾಚ್ (ಕೋಡ್ ಬದಲಾವಣೆ) ಮೇಲೆ ರಾತ್ರಿಯಿಡೀ ಎಫ್‌ಐಒ (ಡಿಸ್ಕ್‌ಗೆ ಓದು-ಬರಹದ ಹೊರೆ ಹಾಕುವ ಟೆಸ್ಟ್ ಪ್ರೊಗ್ರಾಂ) ಓಡಿಸಿದೆ. ಒಂದೂ ಎರರ್ ಬರಲಿಲ್ಲ. ಆದರೂ ರಿವ್ಯೂ ಮಾಡುವವರು ಸಾಲು ಸಾಲನ್ನೂ ಕೆದಕುತ್ತಾರೆ. ಯಾಕೆ?

ಉತ್ತರ: ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ. ಇರಲಿ, ಈ ಸಲ ಬಿಡಿಸಿ ಹೇಳುತ್ತೇನೆ. ನಿಮ್ಮ ಟೆಸ್ಟ್ ಓಡಿದ್ದು ಡಿಸ್ಕ್ ನಾವು ಹೇಳಿದ ಮಾತು ಕೇಳುವಾಗ. ಅದು 'ಈಗ ಆಗಲ್ಲ' ಅಂದಾಗ ಓಡುವ ಕೋಡನ್ನು ಆ ಟೆಸ್ಟ್ ಮುಟ್ಟಿಯೇ ಇಲ್ಲ.

2018ರಲ್ಲಿ ಏನಾಯಿತು ನೋಡಿ. ಲಿನಕ್ಸ್ 4.19 ಹಾಕಿಕೊಂಡ ಕೆಲವರ ಫೈಲ್‌ಗಳು ಕೆಟ್ಟುಹೋದವು. ಬೈಗುಳವೆಲ್ಲ ಎಕ್ಸ್ಟ್4 ಫೈಲ್ ಸಿಸ್ಟಮ್‌ಗೆ. ತಪ್ಪಿದ್ದದ್ದು ಅದರ ಕೆಳಗೆ, ಫೈಲ್ ಸಿಸ್ಟಮ್‌ಗೂ ಡ್ರೈವರ್‌ಗೂ ನಡುವೆ ಇರುವ ಬ್ಲಾಕ್ ಲೇಯರ್‌ನಲ್ಲಿ. ರಿಕ್ವೆಸ್ಟ್ (ಓದು-ಬರಹದ ಕೋರಿಕೆ) ನೇರವಾಗಿ ಡ್ರೈವರ್‌ಗೆ ಹೋಗುತ್ತಿತ್ತು. ಡಿಸ್ಕ್ ಬ್ಯುಸಿ ಇದ್ದರೆ ವಾಪಸ್ ಬಂದು ಕ್ಯೂನಲ್ಲಿ ನಿಲ್ಲುತ್ತಿತ್ತು. ಅಷ್ಟರಲ್ಲೇ ಸ್ಕಸಿ ಲೇಯರ್ (ಡಿಸ್ಕ್‌ಗೆ ಕಮಾಂಡ್ ಕಳಿಸುವ ಕೋಡ್) ಅದರ ಮೆಮೊರಿ ಪಟ್ಟಿಯನ್ನು, ಅಂದರೆ ಡೇಟಾ ಮೆಮೊರಿಯಲ್ಲಿ ಎಲ್ಲೆಲ್ಲಿದೆ ಅನ್ನುವುದನ್ನು, ತಯಾರು ಮಾಡಿಟ್ಟಿರಬಹುದು. ಆಮೇಲೆ ಆ ರಿಕ್ವೆಸ್ಟ್‌ಗೆ ಇನ್ನೊಂದು ಬಂದು ಸೇರಿಕೊಂಡರೆ? ಪಟ್ಟಿ ಹಳೆಯದೇ. ಹಳೆಯ ಭಾಗ ಮಾತ್ರ ಡಿಸ್ಕ್‌ಗೆ ಹೋಯಿತು, ಸೇರಿದ್ದು ಹೋಗಲೇ ಇಲ್ಲ. ಎರರೂ ಇಲ್ಲ! ಡಿಸೆಂಬರ್‌ನಲ್ಲಿ 4.19.8 ಬಂದಾಗ ಸರಿಯಾಯಿತು. ಡಿಸ್ಕ್ ಸರಿಯಾಗಿ ಆ ಗಳಿಗೆಯಲ್ಲೇ ಬ್ಯುಸಿ ಆಗಬೇಕು, ಅದೇ ರಿಕ್ವೆಸ್ಟ್‌ಗೆ ಇನ್ನೊಂದು ಬಂದು ಸೇರಬೇಕು. ನಿಮ್ಮ ಒಂದು ರಾತ್ರಿಯಲ್ಲಿ ಇದು ಸಿಗುತ್ತದೆ ಅಂತ ನಂಬಿ ಕೂರಲು ಆಗುತ್ತದಾ?

ರಿವ್ಯೂ ಮಾಡುವವರು ಹುಡುಕುವುದು ಇಂಥ ಗಳಿಗೆಗಳನ್ನೇ. ಎನ್‌ವಿಎಂಇನಲ್ಲಿ ಐಒ ಟೈಮೌಟ್ (ಡಿಸ್ಕ್‌ನ ಉತ್ತರಕ್ಕೆ ಕಾಯುವ ಗಡುವು) ಡಿಫಾಲ್ಟ್ 30 ಸೆಕೆಂಡ್. ಗಡುವು ಮೀರಿದಾಗ ಓಡುವ ಟೈಮೌಟ್ ಹ್ಯಾಂಡ್ಲರ್ ಶುರುವಾದ ಹೊತ್ತಿಗೇ ಡಿಸ್ಕ್‌ನಿಂದ 'ಮುಗೀತು' ಅಂತ ಉತ್ತರವೂ ಬಂದರೆ ಆ ರಿಕ್ವೆಸ್ಟನ್ನು ಮುಗಿಸುವವರು ಯಾರು? ಇಬ್ಬರೂ ಮುಗಿಸಿದರೆ ಮೆಮೊರಿ ಹಾಳು. ಯಾರೂ ಮುಗಿಸದಿದ್ದರೆ ಕಾಯುತ್ತಿರುವ ಪ್ರೊಗ್ರಾಂ ಅಲ್ಲೇ ನೇತಾಡುತ್ತದೆ. ಪ್ರತಿ ಎರರ್ ದಾರಿಯಲ್ಲೂ ಡಿಎಂಎ ಮ್ಯಾಪಿಂಗ್ (ಡಿಸ್ಕ್ ನೇರವಾಗಿ ಮೆಮೊರಿ ಮುಟ್ಟಲು ಮಾಡಿಕೊಟ್ಟ ದಾರಿ) ಬಿಡಿಸಿದ್ದೀರಾ ಅಂತ ಕೇಳುವುದೂ ಇದಕ್ಕೇ. ಸುಮ್ನೆ ಕಾಟ ಕೊಡಲು ಅಲ್ಲ.

ಹಾಗಾದರೆ ಆ ಡಿಸ್ಕ್ ಕೈಯಲ್ಲಿ ಇಲ್ಲದವರು ರಿವ್ಯೂ ಮಾಡಬಹುದಾ? ಖಂಡಿತ ಮಾಡಬಹುದು. ಕರ್ನಲ್‌ ಪ್ಯಾಚ್‌ಗಳಲ್ಲಿ 'ರಿವ್ಯೂಡ್-ಬೈ' (ಕೋಡ್ ಓದಿ ನೋಡಿದವರ ಹೆಸರು) ಬೇರೆ, 'ಟೆಸ್ಟೆಡ್-ಬೈ' (ಓಡಿಸಿ ನೋಡಿದವರ ಹೆಸರು) ಬೇರೆ ಇರುವುದೇ ಅದಕ್ಕೆ. ಓಡಿಸಿಯೂ ನೋಡಬೇಕು ಅನಿಸಿದರೆ ಎನ್‌ವಿಎಂಇ ಡ್ರೈವರ್‌ನಲ್ಲೇ ಫಾಲ್ಟ್ ಇಂಜೆಕ್ಷನ್ (ಬೇಕೆಂದೇ ಎರರ್ ಹುಟ್ಟಿಸುವ ಸೌಲಭ್ಯ) ಇದೆ. ಒಳ್ಳೆಯ ಡಿಸ್ಕ್‌ನಿಂದಲೂ ಬೇಕಾದ ಎರರ್ ಬರಿಸಬಹುದು. ಮುಂದಿನ ಪ್ಯಾಚ್ ಕಳಿಸುವ ಮೊದಲು ಅದನ್ನು ಆನ್ ಮಾಡಿ, ನಿಮ್ಮ ಎಫ್‌ಐಒವನ್ನು ಮತ್ತೊಮ್ಮೆ ಓಡಿಸಿ.